ವಿಭೂತಿ ಬಳಿದ ಡಿಸ್ಕು

ಪರಮೇಶ್ವರಪ್ಪನವರಿಗೆ ಹೆದರಿಕೆ ಹುಟ್ಟುಗುಣ. ಹತ್ತನೇ ತರಗತಿಯ ಫಲಿತಾಂಶ ಬಂದ ದಿನ ಶಾಲೆಯ ಕಡೆ ತಲೆ ಹಾಕದೆ, ಮದಕರಿಪುರದ ಸೋದರಮಾವನ ಹೊಲದಲ್ಲಿ ನಾಲ್ಕು ದಿನ ಕೂತಿದ್ದರು. ಪಾಸಾದ ಸುದ್ದಿಯನ್ನು ಅಲ್ಲಿಗೇ ಹೋಗಿ ಮುಟ್ಟಿಸಬೇಕಾಯಿತು. ಐವತ್ತು ದಾಟಿದ ಮೇಲೆ ರಕ್ತಪರೀಕ್ಷೆ ಮಾಡಿಸಿದಾಗಲೂ ಅದೇ ಕಥೆ. ಲಕೋಟೆಯನ್ನು ದೇವರ ಗೂಡಿನಲ್ಲಿಟ್ಟು ಎಂಟು ದಿನ ಕೈಮುಗಿದರೇ ಹೊರತು ಒಡೆಯಲಿಲ್ಲ. ಕೊನೆಗೆ ಹೆಂಡತಿ ಸರ್ವಮಂಗಳಮ್ಮ ಹರಿದು ಓದಿ, "ಏನೂ ಇಲ್ರಿ, ಉಪ್ಪು ಕಮ್ಮಿ ಮಾಡ್ಬೇಕಂತೆ ಅಷ್ಟೇ" ಎಂದರು. ನೋಡದಿದ್ದರೆ ಕೆಟ್ಟದ್ದು ಆಗಿರುವುದೇ ಇಲ್ಲ ಎಂಬುದು ಅವರ ಸಿದ್ಧಾಂತ. ಇಂಥ ಸಿದ್ಧಾಂತಿಗಳಿಗೆ ನಮ್ಮ ಕಡೆ ಬರವೇನಿಲ್ಲ.

ಚಿತ್ರದುರ್ಗದ ಸಂತೆಪೇಟೆಯಲ್ಲಿ ಅವರ ರಿಪೇರಿ ಅಂಗಡಿ. ಟೇಪ್‌ರೆಕಾರ್ಡರ್ ಕಾಲದಲ್ಲಿ ಮರುಳಸಿದ್ದಪ್ಪನವರೆಂಬ ಗುರುವಿನ ಹತ್ತಿರ ಕೆಲಸ ಕಲಿತು, ಆಮೇಲೆ ಟಿ.ವಿ., ಸಿ.ಡಿ. ಪ್ಲೇಯರ್ ಎಂದು ದಾಟುತ್ತ ಈಗ ಟಿ.ವಿ.ಗೆ ಜೋಡಿಸಿ ಆಡುವ ಗೇಮ್ ಪೆಟ್ಟಿಗೆಗಳಿಗೆ ಬಂದು ನಿಂತಿದ್ದರು. ಈಗಿನ ಒಂದೊಂದು ಆಟವೂ ನೂರು ಜಿ.ಬಿ. ನುಂಗುತ್ತದೆ. ಪೆಟ್ಟಿಗೆಯೊಳಗಿನ ಐನೂರು ಜಿ.ಬಿ. ಡಿಸ್ಕು ಯಾವ ಮೂಲೆಗೂ ಸಾಲದು. ಅದನ್ನು ಬಿಚ್ಚಿ ಎರಡು ಟಿ.ಬಿ.ಯದನ್ನು, ಎಂದರೆ ಎರಡು ಸಾವಿರ ಜಿ.ಬಿ.ಯದನ್ನು ಹಾಕಿ, ಹಳೆಯದರಲ್ಲಿದ್ದುದನ್ನೆಲ್ಲ ಹೊಸದಕ್ಕೆ ತುಂಬಿಕೊಡುವುದರಲ್ಲಿ ಹಿರಿಯೂರು, ಹೊಸದುರ್ಗದವರೆಗೂ ಅವರಿಗೆ ಹೆಸರಿತ್ತು. ಗಿರಾಕಿಯ ವಸ್ತುವಿನ ಮೇಲೆ ಗೀರು ಬೀಳಬಾರದು, ಶಾಯಿ ತಾಗಬಾರದು ಎಂದು ಗುರು ಹೇಳಿದ್ದರಿಂದ, ಬಿಚ್ಚಿದ ಪ್ರತಿಯೊಂದರ ಬೆನ್ನಿಗೂ ಸೀಮೆಸುಣ್ಣದಲ್ಲೇ ಗುರುತು ಬರೆಯುತ್ತಿದ್ದರು.

ಆಯುಧಪೂಜೆಗೆ ಮೂರು ದಿನ ಇರುವಾಗ ಭರಮಸಾಗರದಿಂದ ಸಹನಾ ಎಂಬ ಹುಡುಗಿ ಗೇಮ್ ಪೆಟ್ಟಿಗೆಯನ್ನು ಟವೆಲ್ಲಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಸ್ಸಿಳಿದು ಬಂದಳು.

"ಇದು ನಮ್ಮ ಅಣ್ಣ ಲಕ್ಷ್ಮೀಕಾಂತಂದ್ರಿ. ಬೈಕಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಇಲ್ಲ, ಮೂರು ವರ್ಷ ಆತು. ಇಟ್ಟಿಗೆ ಜೋಡಿಸಿ ಮನೆ ಕಟ್ಟೋ ಆಟ ಐತಲ್ರಿ, ಅದ್ರಾಗೆ ನಮ್ಮೂರನ್ನೇ ಕಟ್ಟಿದಾನೆ. ನಮ್ಮ ಬೀದಿ, ಬಸ್‌ಸ್ಟ್ಯಾಂಡು, ಕೆರೆ, ಎಲ್ಲ. ಈಗ ಜಾಗ ಇಲ್ಲ ಅಂತ ತೋರಿಸ್ತೈತೆ. ಹೊಸದಾಗಿ ಕಟ್ಟಿದ್ದು ಉಳಿಯಂಗಿಲ್ಲ."

"ಇನ್ನೆಲ್ಲಾದ್ರೂ ಕಾಪಿ ಇಟ್ಟೀರೇನಮ್ಮ?"

"ಇಲ್ರಿ, ಇರೋದು ಇದೊಂದೇ. ದಿನಾ ಬೆಳಗ್ಗೆ ಎದ್ದು ಅದ್ರೊಳಗೆ ಕೆರೆ ತನಕ ಹೋಗಿ ಬರ್ತಾನೆ. ಅವ್ನು ನಡೆಯೋದು ಅಲ್ಲೇ. ಸ್ವಲ್ಪ ಹುಷಾರಾಗಿ ನೋಡ್ರಿ."

ಆ ಮಾತು ಪರಮೇಶ್ವರಪ್ಪನವರ ಎದೆಯಲ್ಲಿ ಕೂತುಬಿಟ್ಟಿತು. ಕಾಪಿ ಮಾಡಲು ಬೇಕಾದ ಬೇರೆ ಡಿಸ್ಕು ದಾವಣಗೆರೆಯಿಂದ ಬರುವುದು ಹಬ್ಬ ಕಳೆದ ಮೇಲೆ. ಅಲ್ಲಿಯವರೆಗೆ ಪೆಟ್ಟಿಗೆಯ ಧೂಳನ್ನಾದರೂ ತೆಗೆಯೋಣವೆಂದು ಬಿಚ್ಚಿದರು. ಬಿಚ್ಚಿದ ಮೇಲೆ, ಬ್ರಷ್ ತಾಗಿ ಏನಾದರೂ ಆದರೆ ಎಂಬ ಭಯ ಹತ್ತಿತು. ಡಿಸ್ಕನ್ನು ಹೊರತೆಗೆದು, ಬೆನ್ನಿಗೆ 'ಭರಮಸಾಗರ' ಎಂದು ಬರೆದು, ಜೋಪಾನವಾಗಿ ಮೇಜಿನ ಡ್ರಾಯರಿನಲ್ಲಿಟ್ಟರು. ಅಲ್ಲಿ ಆಗಲೇ ಅದೇ ಕಂಪನಿಯ, ಅದೇ ಅಳತೆಯ ಇನ್ನೊಂದಿತ್ತು. ಹೊಳಲ್ಕೆರೆಯ ಕಲ್ಲೇಶ ತನ್ನ ಗೇಮ್ ಪೆಟ್ಟಿಗೆಗೆ ಹೊಸದು ಹಾಕಿಸಿಕೊಂಡು, ಹಳೆಯದನ್ನು ಪೂರ್ತಿ ಅಳಿಸಿಡಲು ಹೇಳಿ ಹೋಗಿದ್ದ. ಮನೆಯ ಕಾವಲು ಕ್ಯಾಮೆರಾಕ್ಕೆ ಬೇಕಂತೆ. ಅದರ ಬೆನ್ನಿಗೆ 'ಹೊಳಲ್ಕೆರೆ' ಎಂದಿತ್ತು.

ಪ್ರತಿ ವರ್ಷ ಹಬ್ಬಕ್ಕೆ ಮುಂಚೆ ಗಿರಾಕಿಗಳ ವಸ್ತುಗಳೆಲ್ಲ ಅಂಗಡಿಯಿಂದ ಆಚೆ ಹೋಗಿರುತ್ತಿದ್ದವು. ಈ ಸಲ ಈ ಎರಡು ಡಿಸ್ಕು ಉಳಿದವು. ಪೂಜೆಯ ದಿನ ಪರಮೇಶ್ವರಪ್ಪನವರು ಮಿಂದು, ಹಣೆಗೆ ವಿಭೂತಿ ಧರಿಸಿ, ಸ್ಕ್ರೂಡ್ರೈವರ್, ಮೀಟರ್, ಡ್ರಾಯರಿನಲ್ಲಿದ್ದದ್ದು, ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ಮಣೆಯ ಮೇಲೆ ಜೋಡಿಸಿದರು. ಒಂದೊಂದಕ್ಕೂ ಮೂರು ಬೆರಳಿನಲ್ಲಿ ವಿಭೂತಿ ಎಳೆದರು, ಚೆಂಡುಹೂವು ಇಟ್ಟರು. ಭಕ್ತಿಯಲ್ಲಿ ಕಣ್ಣು ಅರ್ಧ ಮುಚ್ಚಿತ್ತು. ಪೂಜೆ ಮುಗಿದ ಮೇಲೆ ಎಲ್ಲವೂ ಮತ್ತೆ ಡ್ರಾಯರು ಸೇರಿದವು.

ಮರುದಿನ ಬೆಳಗ್ಗೆ ಕಲ್ಲೇಶ ಬೈಕಿನ ಮೇಲೆ ಕೂತೇ ಅವಸರ ಮಾಡಿದ. ಎಡಗಡೆಗೆ ಇಟ್ಟದ್ದು ಅವನದು ಎಂದು ಕೈಗೆ ನೆನಪಿತ್ತು, ಬೆನ್ನಿನ ಮೇಲೆ ಬಿಳಿ ಕಂಡಿತು, ಕಣ್ಣು ನಂಬಿತು. ಕಂಪ್ಯೂಟರಿಗೆ ಹಚ್ಚಿ, ಮತ್ತೆ ತೆಗೆಯಲಾಗದಂತೆ ಮೊದಲಿನಿಂದ ಕೊನೆಯವರೆಗೆ ಅಳಿಸಿದರು. ಮಧ್ಯಾಹ್ನ ಅವನು ಬಂದು ಒಯ್ದ. ಸಂಜೆ ದಾವಣಗೆರೆಯ ಪಾರ್ಸೆಲ್ ಬಂದಾಗ, ಭರಮಸಾಗರದ ಕೆಲಸ ಹಿಡಿಯೋಣವೆಂದು ಡ್ರಾಯರು ಎಳೆದರು. ಉಳಿದ ಡಿಸ್ಕಿನ ಬೆನ್ನ ಮೇಲೆ ಮೂರು ಬಿಳಿ ಗೆರೆ. ಹೆಸರಿಲ್ಲ.

ಸೀಮೆಸುಣ್ಣದ ಹೆಸರು ಪೂಜೆಯ ದಿನದ ಒದ್ದೆ ಬಟ್ಟೆಗೆ ಹೋಗಿತ್ತು, ಬೆಳಗ್ಗೆ ಕಂಡ ಬಿಳಿಯೂ ವಿಭೂತಿಯೇ. ಉಳಿದದ್ದು ಯಾರದು? ಅಳಿಸಿದ್ದು ಯಾರದು?

ಪೆಟ್ಟಿಗೆ ಪಕ್ಕದಲ್ಲೇ ಇತ್ತು. ಡಿಸ್ಕನ್ನು ಅದಕ್ಕೆ ಸಿಕ್ಕಿಸಿ ಸ್ವಿಚ್ ಒತ್ತಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಪರಮೇಶ್ವರಪ್ಪನವರು ಒತ್ತಲಿಲ್ಲ. ಆ ದಿನವೂ ಇಲ್ಲ, ಮಾರನೆಯ ದಿನವೂ ಇಲ್ಲ. ಡ್ರಾಯರಿಗೆ ಬೀಗ ಹಾಕಿದರು. ಸಹನಾ ಫೋನ್ ಮಾಡಿ, "ಅಣ್ಣ ಕೇಳ್ತಾನ್ರಿ, ಯಾವಾಗ ಬರಾಣ?" ಎಂದರೆ "ನಾಳೆ ಆಗ್ತೈತಮ್ಮ" ಎಂದು ಇಡುತ್ತಿದ್ದರು. ಹಳೆಯ ಡಿಸ್ಕು ತಾನಾಗೇ ಸತ್ತಿತು ಎಂದುಬಿಟ್ಟರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ. ಆ ಸುಳ್ಳು ನಾಲಿಗೆಯ ತುದಿಯವರೆಗೆ ಬಂದು ಕೂತಿತ್ತು.

ಮೂರನೆಯ ದಿನ ಸರ್ವಮಂಗಳಮ್ಮ ಗಂಡನನ್ನು ಗದರಿ ವಿಷಯ ಬಾಯಿ ಬಿಡಿಸಿದರು. "ಡಿಸ್ಕಿನ ಮೇಲೆ ನಂಬರ್ ಇರ್ತೈತಲ್ರಿ, ಬರ್ಕಂಡಿಲ್ವಾ?" ಎಂದು ಕೇಳಿದರು. ಬರೆದುಕೊಂಡಿರಲಿಲ್ಲ. ನಲವತ್ತು ವರ್ಷ ಸೀಮೆಸುಣ್ಣ ಕೈಬಿಟ್ಟಿರಲಿಲ್ಲ, ಅದೇ ಸಾಕೆಂದುಕೊಂಡಿದ್ದರು.

"ನೀವು ನೋಡ್ದೆ ಇದ್ರೆ ಅದು ಉಳಿಯಂಗಿಲ್ರಿ" ಎಂದರು ಆಕೆ. "ಅಳಿಸಿದ್ರೆ, ಅಳಿಸಿ ಆಗಲೇ ಮೂರು ದಿನ ಆತು."

ಪರಮೇಶ್ವರಪ್ಪನವರು ಎದ್ದರು. ಒಬ್ಬರೇ ನೋಡಿದರೆ ಖಂಡಿತ ಸುಳ್ಳು ಹೇಳಿಬಿಡುತ್ತೇನೆ ಎಂಬ ಹೊಸ ಹೆದರಿಕೆ ಹುಟ್ಟಿತ್ತು. ಪೆಟ್ಟಿಗೆ, ವಿಭೂತಿಯ ಡಿಸ್ಕು, ಹೊಸ ಡಿಸ್ಕು ಮೂರನ್ನೂ ಚೀಲಕ್ಕೆ ಹಾಕಿಕೊಂಡು ಭರಮಸಾಗರದ ಮೇಲೆ ಹೋಗುವ ದಾವಣಗೆರೆ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಬಸ್ಸು ಕೆಟ್ಟು ನಿಲ್ಲಲಿ ಎಂದು ಬೇಡಿಕೊಂಡರು. ಕೆಡಲಿ ಎಂದಾಗ ಬಸ್ಸುಗಳು ಕೆಡುವುದಿಲ್ಲ.

ಲಕ್ಷ್ಮೀಕಾಂತ ಟಿ.ವಿ.ಯ ಎದುರು ಮಂಚದಲ್ಲಿ ದಿಂಬಿಗೆ ಒರಗಿದ್ದ. ಇಪ್ಪತ್ತಾರು ವಯಸ್ಸಿರಬಹುದು. "ಬರ್ರಿ, ಕುಂತ್ಕಳ್ರಿ" ಎಂದು ನಕ್ಕ. ಪರಮೇಶ್ವರಪ್ಪನವರು ಚೀಲ ಕೆಳಗಿಟ್ಟರು. ನಿಂತೇ ಎಲ್ಲವನ್ನೂ ಹೇಳಿದರು: ಸೀಮೆಸುಣ್ಣ, ಒದ್ದೆ ಬಟ್ಟೆ, ವಿಭೂತಿ, ಕಲ್ಲೇಶ, ಮೂರು ದಿನದ ಸುಳ್ಳು. "ನಿಂದೇ ಅಳಿಸೀನೋ ಏನೋ ಗೊತ್ತಿಲ್ಲಪ್ಪ. ನೋಡಾಕೆ ಧೈರ್ಯ ಬರ್ಲಿಲ್ಲ."

ಸಹನಾ ಗೋಡೆ ಹಿಡಿದು ನಿಂತಳು. ಲಕ್ಷ್ಮೀಕಾಂತನ ನಗು ಆರಿತು. "ಹಾಕ್ರಿ" ಎಂದ.

ಪರಮೇಶ್ವರಪ್ಪನವರು ಡಿಸ್ಕನ್ನು ಪೆಟ್ಟಿಗೆಗೆ ಕೂರಿಸಿ ಸ್ಕ್ರೂ ಬಿಗಿದರು. ಸ್ವಿಚ್ ಒತ್ತಿದಾಗ ಪೆಟ್ಟಿಗೆಯ ದೀಪ ಹತ್ತಿತು, ಟಿ.ವಿ. ಕಪ್ಪಾಯಿತು, ಒಂದು ಗಳಿಗೆ ಹಾಗೇ ಇತ್ತು. ಆಮೇಲೆ ಬಿಳಿ ಅಕ್ಷರ ಮೂಡಿತು: ಈ ಡಿಸ್ಕು ಈ ಪೆಟ್ಟಿಗೆಯದಲ್ಲ, ಎಲ್ಲ ಹೊಸದಾಗಿ ಹಾಕಬೇಕು. ಉಳಿದದ್ದು ಹೊಳಲ್ಕೆರೆಯದು. ಅಳಿಸಿಹೋದದ್ದು ಭರಮಸಾಗರ.

"ನಮ್ಮಪ್ಪನ ಅಂಗಡಿ ಒಂದನ್ನ ಕಟ್ಟಾಕೇ ನಾಲ್ಕು ತಿಂಗ್ಳು ಹಿಡಿದಿತ್ತು" ಎಂದು ಲಕ್ಷ್ಮೀಕಾಂತ ಗೋಡೆಯ ಕಡೆ ಮುಖ ತಿರುಗಿಸಿದ. ಅವನ ಭುಜ ಅಲುಗುತ್ತಿತ್ತು. ಪರಮೇಶ್ವರಪ್ಪನವರಿಗೆ ಓಡಿಹೋಗಬೇಕೆನಿಸಿತು. ಮದಕರಿಪುರದ ಹೊಲ ನೆನಪಾಯಿತು. ಆದರೂ ಅಲ್ಲೇ ನೆಲದ ಮೇಲೆ ಕೂತರು. ಬೈದರೆ ಬೈಸಿಕೊಳ್ಳೋಣವೆಂದು ಕಾದರು. ಅವನು ಬೈಯಲಿಲ್ಲ, ಅದು ಇನ್ನೂ ಕಷ್ಟವಾಗಿತ್ತು.

ಕೊನೆಗೆ ಗೋಡೆಗೇ ಹೇಳಿದಂತೆ ಕೇಳಿದ: "ಹೊಸದ್ರಾಗೆ ಎಷ್ಟು ಜಾಗ ಐತೆ?"

"ಎರಡು ಟಿ.ಬಿ. ಹಳೇದ್ರ ನಾಲ್ಕು ಪಟ್ಟು."

"ಮೊದ್ಲು ಕಟ್ಟಿದ ಕೆರೆ ಏರಿ ತಪ್ಪಾಗಿತ್ತು. ಅಂದಾಜ್ ಮೇಲೆ ಕಟ್ಟಿದ್ದೆ, ಗಿಡ್ಡ ಆಗಿತ್ತು. ಇವ್ಳನ್ನ ಎಣಿಸ್ಕಂಡು ಬಾ ಅಂತ ಕಳಿಸಿದ್ರೆ ಅರ್ಧಕ್ಕೇ ಮರೀತಾಳೆ." ಅವನು ಈಗ ಇವರ ಕಡೆ ತಿರುಗಿದ. ಕಣ್ಣು ಕೆಂಪಾಗಿದ್ದವು. "ಹೊಸ ಡಿಸ್ಕು ಹಾಕಿಟ್ಟು ನೀವು ಕೆರೆ ಏರಿಗೆ ಹೋಗ್ರಿ. ಈ ತುದಿಯಿಂದ ಆ ತುದಿಗೆ ಎಷ್ಟು ಹೆಜ್ಜೆ ಅಂತ ಎಣಿಸ್ಕಂಡು ಬರ್ರಿ. ತಪ್ಪಬಾರ್ದು."

ಹೊಸ ಡಿಸ್ಕು ಹಾಕಿ ಪರಮೇಶ್ವರಪ್ಪನವರು ಹೊರಟರು. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ, ಒರೆಸಿದರೂ ಹೋಗದ ಶಾಯಿಯ ಪೆನ್ನು ಕೊಂಡರು. ನಲವತ್ತು ವರ್ಷದಲ್ಲಿ ಅದೇ ಮೊದಲು. ಏರಿಯ ಮೇಲೆ ನಿಂತು ಒಂದು, ಎರಡು ಎಂದು ಗಟ್ಟಿಯಾಗಿ ಎಣಿಸುತ್ತ, ನೂರಕ್ಕೊಂದು ಗೆರೆಯನ್ನು ಮುಂಗೈ ಮೇಲೆ ಎಳೆಯುತ್ತ ನಡೆದರು. ಎದುರಿಗೆ ಬಂದ ಗುರುತಿನವರೊಬ್ಬರು "ಏನ್ರಿ ಯಜಮಾನ್ರೇ, ಈ ಕಡೆ?" ಎಂದರೆ ತಲೆಯನ್ನೂ ಎತ್ತಲಿಲ್ಲ. ಕೊನೆ ಮುಟ್ಟಿದಾಗ ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಗೆರೆಗಳನ್ನು ನೋಡಿದರು. ನಡುವೆ ಎಲ್ಲೋ ಒಂದು ಹೆಜ್ಜೆ ತಪ್ಪಿತೇ ಎಂಬ ಭಯ ಹುಟ್ಟಿತು.

ಇನ್ನೊಂದು ಕೈಯ ಅಂಗಿತೋಳು ಮಡಚಿ, ಮತ್ತೆ ಒಂದರಿಂದ ಎಣಿಸುತ್ತ ಹಿಂದಕ್ಕೆ ನಡೆದರು.