ಕಿವಿ ಕತ್ತರಿಸಿದ ದೇವರು

ದೇವರ ಕಿವಿಗಳನ್ನು ಕತ್ತರಿಸಿದವನು ತಯೇಸಿಯ ಗಂಡನೇ. ದ್ವೇಷದಿಂದಲ್ಲ, ಹೆಂಡತಿಯ ಮೇಲಿನ ಪ್ರೀತಿಯಿಂದ. ಪ್ರೀತಿಯಿಂದ ಮಾಡಿದ್ದಕ್ಕೆ ಯಾರನ್ನು ಬೈಯುವುದು? ಅವಳು ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ತಯೇಸಿ ಅವಳ ಹುಟ್ಟು ಹೆಸರಲ್ಲ. ಪಡುವಣ ಮರಳುಗಾಡಿನ ಆಚೆ, ಅವಳು ಹುಟ್ಟಿ ಬೆಳೆದ ಓಯಸಿಸ್‌ನಲ್ಲಿ ಅವಳನ್ನು ತಸೆತ್ ಎಂದು ಕರೆಯುತ್ತಿದ್ದರು, ಸೆತ್ ದೇವರ ಮಗಳು ಎಂದು. ಅಲ್ಲಿ ಬಾವಿ ತೋಡುವ ಮೊದಲು ಸೆತ್‌ನನ್ನು ನೆನೆಯುತ್ತಾರೆ, ಬಿರುಗಾಳಿ ಎದ್ದರೆ ಸೆತ್‌ನನ್ನೇ ಕೂಗುತ್ತಾರೆ. ಸೂರ್ಯನ ದೋಣಿಯ ಮುಂತುದಿಯಲ್ಲಿ ನಿಂತು, ಅದನ್ನು ನುಂಗಲು ಬರುವ ಹಾವನ್ನು ದಿನವೂ ಈಟಿಯಿಂದ ಇರಿಯುವವನು ಅವನು. ಅವನ ತೋಳು ಸೋತರೆ ಮಾರನೆಯ ದಿನ ಬೆಳಗಾಗುವುದಿಲ್ಲ. ಮೈ ಮನುಷ್ಯನದು, ಕೂದಲು ಕೆಂಪು, ಮೂತಿ ಬಾಗಿದ್ದು, ಕಿವಿ ಉದ್ದ. ಮರಳಿನಲ್ಲಿ ದಾರಿ ತಪ್ಪಿದವರ ಕೂಗು ಕೇಳಿಸಲಿ ಅಂತಲೇ ಅಷ್ಟುದ್ದ ಕಿವಿ ಎಂದು ಅವಳ ಅಜ್ಜಿ ಹೇಳುತ್ತಿದ್ದಳು.

ನೈಲ್ ದಂಡೆಯ ಗೆಬ್ತು ಊರಿನಲ್ಲಿ ಅದೇ ದೇವರ ಹೆಸರೆತ್ತಿದರೆ ಹೆಂಗಸರು ನೆಲಕ್ಕೆ ಉಗುಳುತ್ತಿದ್ದರು. ಆ ಊರಿನ ತಾಮ್ರದ ಕೆಲಸಗಾರ ಪೆತೆಮಿನ್ ಪಾತ್ರೆ ಮಾರಲು ಓಯಸಿಸ್‌ಗೆ ಹೋಗಿ, ಪಾತ್ರೆಯ ಜೊತೆ ಮನಸ್ಸನ್ನೂ ಅಲ್ಲೇ ಕೊಟ್ಟು, ಅವಳನ್ನು ಮದುವೆಯಾಗಿ ಕರೆತಂದ. ತವರಿನಿಂದ ಅವಳ ಜೊತೆ ಬಂದದ್ದು ಎರಡೇ: ಗೇಣುದ್ದದ ಒಂದು ತಾಮ್ರದ ಸೆತ್ ವಿಗ್ರಹ ಮತ್ತು ಇನ್ನೂ ಹಾಲುಹಲ್ಲು ಬೀಳದ ಒಂದು ಕೆಂಪು ಕತ್ತೆಮರಿ.

ಹೊಸ್ತಿಲಲ್ಲೇ ಅತ್ತೆ ತಡೆದಳು.

"ಏನೇ ನಿನ್ನ ಹೆಸ್ರು?"

"ತಸೆತ್, ಅತ್ತೆ."

"ಥೂ! ಅಲ್ಲೇ ನಿಲ್ಲು! ಲೋ ಪೆತೆಮಿನ್, ಪಾತ್ರೆ ಮಾರಕ್ಕೆ ಹೋದವ್ನು ಮನೆಗೆ ಏನೋ ತಂದೆ? ನಮ್ಮ ಐಸಿಸ್ ತಾಯಿ ಗಂಡನ್ನ ಕೊಂದು ತುಂಡು ತುಂಡು ಮಾಡ್ದವ್ನ ಹೆಸ್ರು ಕಣೋ ಅದು. ಅದೂ ಒಡಹುಟ್ಟಿದ ಅಣ್ಣನ್ನ!"

"ಅವಳೂರಲ್ಲಿ ಅದು ಒಳ್ಳೇ ಹೆಸ್ರವ್ವ."

"ಅವಳೂರಲ್ಲಿ ಮರಳು ತಿಂತಾರೆ, ನಾನೂ ತಿನ್ಲಾ? ಇವತ್ತಿಂದ ಇವಳು ತಯೇಸಿ. ಐಸಿಸ್ ತಾಯಿ ಮಗಳು." ಅತ್ತೆ ಅಷ್ಟು ಹೇಳಿ, ಸೊಸೆಯ ಧೂಳು ಮೆತ್ತಿದ ಕಾಲು ನೋಡಿ ದನಿ ಇಳಿಸಿದಳು. "ಬಾರವ್ವ ತಯೇಸಿ. ಹೊಟ್ಟೆಗೇನಾದ್ರೂ ತಿಂದ್ಯಾ?"

ಮುದುಕಿ ಕೆಟ್ಟವಳಾಗಿರಲಿಲ್ಲ. ಕೆಟ್ಟವಳಾಗಿದ್ದರೆ ತಯೇಸಿ ಎದುರು ನಿಲ್ಲುತ್ತಿದ್ದಳೋ ಏನೋ. ಬೇಳೆಗಂಜಿ ಬಡಿಸಿ, ಈರುಳ್ಳಿ ಜಜ್ಜಿಕೊಟ್ಟು, ಉಣ್ಣುವಾಗ ಪಕ್ಕದಲ್ಲೇ ಕೂತ ಮುದುಕಿಯ ಎದುರು ಯಾವ ಬಾಯಲ್ಲಿ ಮಾತಾಡುವುದು? ಹೆಸರು ಹಾಗೆ ಹೋಯಿತು.

ಅಣ್ಣತಮ್ಮಂದಿರಿಲ್ಲದೆ ಬೆಳೆದವಳು ಹಿತ್ತಿಲಲ್ಲಿ ಕಟ್ಟಿದ ಆ ಕತ್ತೆಯನ್ನೇ ಅಣ್ಣಯ್ಯ ಎಂದು ಕರೆದಳು. ಮೊದಮೊದಲು ತಮಾಷೆಗೆ, ಆಮೇಲೆ ಅದೇ ಅಭ್ಯಾಸವಾಯಿತು. ಅವಳ ದನಿ ಕೇಳಿದರೆ ಅದರ ಕಿವಿ ಎರಡೂ ನೆಟ್ಟಗೆ ನಿಲ್ಲುತ್ತಿದ್ದವು. ಬೇರೆಯವರು ಹಗ್ಗ ಹಿಡಿದರೆ ನಾಲ್ಕು ಹೆಜ್ಜೆಗೆ ನೆಲಕ್ಕೆ ಕೂತುಬಿಡುತ್ತಿತ್ತು.

ಪಯೋನಿ ತಿಂಗಳ ಹಬ್ಬ ಬಂದಾಗ ಅವಳಿಗೆ ಗೆಬ್ತು ಏನೆಂದು ತಿಳಿಯಿತು. ಮನೆಮನೆಯಲ್ಲೂ ಗೋಧಿರೊಟ್ಟಿ ತಟ್ಟಿ, ಅದರ ಮೇಲೆ ಕೈಕಾಲು ಕಟ್ಟಿದ ಕತ್ತೆಯ ಅಚ್ಚು ಒತ್ತಿ ಸುಡುತ್ತಿದ್ದರು. ಕತ್ತೆ ಅಂದರೆ ಸೆತ್, ಸೆತ್ ಅಂದರೆ ಕೆಂಪ. ಅವನನ್ನು ಕಟ್ಟಿಹಾಕಿ ತಿಂದರೆ ಊರಿಗೆ ಕೇಡಿಲ್ಲ. ಹಬ್ಬದ ಕೊನೆಗೆ ಒಂದು ಕೆಂಪು ಕತ್ತೆಯನ್ನು ಊರಾಚೆಯ ಬಂಡೆಯ ತುದಿಗೆ ಹತ್ತಿಸಿ ಕೆಳಕ್ಕೆ ತಳ್ಳುತ್ತಿದ್ದರು. ಕೆಂಪು ಕೂದಲಿನ ಮನುಷ್ಯರು ಅಂದು ಬೀದಿಗೆ ಬಂದರೆ ಕೆಸರಿನ ಉಂಡೆ ಬೀಳುತ್ತಿತ್ತು. ಅಚ್ಚು ಒತ್ತು ಎಂದು ಅತ್ತೆ ಕೊಟ್ಟಳು. ತಯೇಸಿ ಒತ್ತಿದಳು. ಅವಳ ದೇವರನ್ನು ಅವಳ ಕೈಯಿಂದಲೇ ಕಟ್ಟಿಸಿ, ಒಲೆಗೆ ಹಾಕಿಸಿ, ಬಿಸಿಬಿಸಿಯಾಗಿ ಅವಳಿಗೇ ತಿನ್ನಿಸಿದರು.

ಆ ವಾರವೇ ಪೆತೆಮಿನ್ ಅವಳ ವಿಗ್ರಹವನ್ನು ಕುಲುಮೆಯ ಹತ್ತಿರ ತಂದು ಕೂತ.

"ಬೀದಿಯವ್ರು ಯಾರಾದ್ರೂ ನೋಡಿದ್ರೆ ಮನೆಗೆ ಬೆಂಕಿ ಇಡ್ತಾರೆ ಕಣೇ. ಎಸಿ ಅನ್ನಕ್ಕೆ ನನ್ಗೆ ಬಾಯಿ ಬರಲ್ಲ. ಒಂದು ಕೆಲ್ಸ ಮಾಡ್ತೀನಿ. ಈ ಕಿವಿ ಕತ್ರಿಸಿ, ಟಗರಿನ ಕೊಂಬು ಬೆಸೆದುಬಿಡ್ತೀನಿ. ಮೂತಿ ಹೆಂಗೂ ಬಾಗಿದೆ. ನೋಡಿದವ್ರಿಗೆ ಟಗರುಕೊಂಬಿನ ಅಮುನ್ ದೇವ್ರು. ನಿನ್ಗೆ ನಿನ್ನ ದೇವ್ರು."

"ನೋವಾಗಲ್ವಾ ಅವನಿಗೆ?"

"ತಾಮ್ರಕ್ಕೆ ಏನು ನೋವೇ, ಹುಚ್ಚಿ."

ಉಳಿಯ ಎರಡೇಟಿಗೆ ಕಿವಿಗಳು ಬಿದ್ದವು. ಅವನು ಕೈ ನಡುಗದಂತೆ ಉಸಿರು ಹಿಡಿದು ಅರ ಹಾಕಿದ, ಕೊಂಬು ಬೆಸೆದ. ಕೆಲಸ ಎಷ್ಟು ನಯವಾಗಿತ್ತೆಂದರೆ ಅತ್ತೆ ನೋಡಿ, "ಅಮುನ್ ಸ್ವಾಮಿ ಬಂದ್ನಾ ಮನೆಗೆ!" ಎಂದು ಎರಡೂ ಕೈ ಎತ್ತಿ ನಮಿಸಿದಳು. ನೆತ್ತಿಯ ಮೇಲೆ ಕಿವಿ ಇದ್ದ ಜಾಗದಲ್ಲಿ ಎರಡು ಸಣ್ಣ ಮೊಟಕುಗಳು ಮಾತ್ರ ಉಳಿದಿದ್ದವು, ಬೆರಳಾಡಿಸಿದರೆ ಸಿಗುವಷ್ಟು. ಪೆತೆಮಿನ್ ಅವನ್ನು ಬೇಕೆಂದೇ ಬಿಟ್ಟಿದ್ದ, ಅವಳು ಮುಟ್ಟಿ ಗುರುತು ಹಿಡಿಯಲಿ ಎಂದು.

ಮುಂದೊಮ್ಮೆ ಅವನು ಅವಳನ್ನು ದೋಣಿಯಲ್ಲಿ ನದಿಯಾಚೆಯ ನುಬ್ತ್ ಊರಿಗೆ ಕರೆದುಕೊಂಡು ಹೋದ. ಅಲ್ಲೊಂದು ಪಾಳುಗುಡಿ. ಗೋಡೆಯ ಮೇಲೆಲ್ಲ ಸೆತ್. ಎಲ್ಲ ಕಡೆಯೂ ಮುಖವನ್ನು ಉಳಿಯಿಂದ ಕೆತ್ತಿ ಅಳಿಸಿದ್ದರು.

"ನಮ್ಮ ಹಿಂದಿನವ್ರೆಲ್ಲ ಇಲ್ಲಿಗೇ ಹರಕೆ ಹೊರ್ತಿದ್ರಂತೆ," ಎಂದ ಪೆತೆಮಿನ್. "ಅವನ ಹೆಸ್ರಿನ ದೊರೆಗಳೇ ಇದ್ರಂತೆ."

"ಮತ್ತೆ ಏನಾಯ್ತು?"

"ಹೊರಗಿನವ್ರು ಬಂದು ದೇಶ ಹೊಡೆದ್ರು. ಒಬ್ಬರಾದ ಮೇಲೆ ಒಬ್ರು. ಮರಳುಗಾಡಿನವ್ನು, ಹೊರಗಿನವ್ರ ದೇವ್ರು ಅಂದ್ರೆ ಇವ್ನೇ ತಾನೆ? ಎಲ್ಲಾ ಇವನ ತಲೆಗೆ ಕಟ್ಟಿದ್ರು. ಪೆಟ್ಟು ತಿಂದ ಜನಕ್ಕೆ ಬೈಯಕ್ಕೆ ಯಾರಾದ್ರೂ ಬೇಕಲ್ಲ."

ಅವಳು ಆ ಅಳಿಸಿದ ಮುಖಗಳನ್ನು ನೋಡಿದಳು. ಕಿವಿಗಳನ್ನಂತೂ ಒಂದನ್ನೂ ಬಿಟ್ಟಿರಲಿಲ್ಲ.

ಮಗ ಹುಟ್ಟಿದ. ಮಗುವಿನ ತಲೆ ಕೆಂಪಗಿತ್ತು. ಅತ್ತೆ ಎದೆ ಬಡಿದುಕೊಂಡು ಅತ್ತಳು, ಆಮೇಲೆ ಮಗುವನ್ನು ಎದೆಗೆ ಅವಚಿಕೊಂಡು, "ಇವನು ಪಹೋರ್. ಹೋರಸ್‌ನ ಹುಡುಗ. ಆ ಕೆಂಪನ್ನ ಸೋಲಿಸಿದವ್ನ ಹೆಸ್ರು. ಯಾವನು ಏನಂತಾನೆ ನೋಡ್ತೀನಿ," ಎಂದಳು. ಎಲ್ಲರೂ ಅಂದರು. ನೀರಿಗೆ ಹೋದರೆ ಅಂದರು, ಸಂತೆಗೆ ಹೋದರೆ ಅಂದರು. ಓರಗೆಯ ಹುಡುಗರು ಅವನನ್ನು ನೋಡಿದೊಡನೆ ಕತ್ತೆಯಂತೆ ಅರಚುತ್ತಿದ್ದರು. ಹಬ್ಬ ಬಂತೆಂದರೆ ತಯೇಸಿ ದೀಪದ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿ ಮಗನ ತಲೆಗೆ ಬಳಿಯುತ್ತಿದ್ದಳು.

"ಅವ್ವಾ, ಆ ಕೆಂಪ ಯಾಕೆ ನನ್ಗೇ ಅಂಟ್ಕೊಂಡ?" ಎಂದು ಒಮ್ಮೆ ಹುಡುಗ ಅಳುತ್ತ ಕೇಳಿದ.

ನಿಜ ಹೇಳುವ ಗಳಿಗೆ ಅದಾಗಿತ್ತು. ಅಂಟಿಕೊಂಡದ್ದಲ್ಲ ಮಗಾ, ನಿನ್ನನ್ನು ಹರಸಿದ್ದು, ದಿನಾ ಸೂರ್ಯನನ್ನು ಕಾಯುವವನು ಅವನು ಅನ್ನಬಹುದಿತ್ತು. ಅವಳು ಹೆದರಿದಳು. ಹೇಳಿದರೆ ಹುಡುಗ ಬೀದಿಯಲ್ಲಿ ಬಾಯಿಬಿಡುತ್ತಾನೆ, ಬಿಟ್ಟರೆ ಕೆಸರಿನ ಬದಲು ಕಲ್ಲು ಬೀಳುತ್ತದೆ.

"ಅವನ್ನ ಬೈಯಿ. ಎಲ್ರಿಗಿಂತ ಜೋರಾಗಿ ಬೈಯಿ. ಆಗ ಬಿಡ್ತಾರೆ," ಎಂದಳು.

ಹುಡುಗ ಕಲಿತ, ಚೆನ್ನಾಗಿಯೇ ಕಲಿತ. ದಿನಾ ಬೆಳಿಗ್ಗೆ ಅಮುನ್ ಮುಂದೆ ನಿಂತು, ಕೆಂಪನ ನಾಶವಾಗಲಿ ಎಂದು ಗಟ್ಟಿಯಾಗಿ ಬೇಡಿಕೊಳ್ಳುತ್ತಿದ್ದ. ತಾಯಿ ಹಿಂದೆ ನಿಂತು, ನನ್ನ ಮಗನನ್ನು ಕಾಪಾಡು ತಂದೆ ಎಂದು ಮನಸ್ಸಿನಲ್ಲೇ ಬೇಡುತ್ತಿದ್ದಳು. ಇಬ್ಬರ ಮಾತೂ ಹೋಗುತ್ತಿದ್ದದ್ದು ಒಬ್ಬನ ಹತ್ತಿರ, ಅವನಿಗೋ ಕಿವಿಯೇ ಇರಲಿಲ್ಲ.

ಅತ್ತೆ ಹೋದಳು. ಒಂದು ಬೇಸಿಗೆಯ ಜ್ವರದಲ್ಲಿ ಪೆತೆಮಿನ್ ಕೂಡ ಹೋದ. ಪಹೋರ್ ಅಪ್ಪನ ಕುಲುಮೆಯಲ್ಲಿ ಕೂತ. ಮೀಸೆ ಬಂದ ಹುಡುಗನಿಗೆ ಈಗ ಒಂದೇ ಹಂಬಲ: ಹಬ್ಬದಲ್ಲಿ ಐಸಿಸ್ ತಾಯಿಯ ಪಲ್ಲಕ್ಕಿಗೆ ಹೆಗಲು ಕೊಡಬೇಕು. ಹೆಗಲು ಕೊಟ್ಟವನು ಊರಿನವನು. ಅವನಿಗೆ ಹೆಣ್ಣು ಕೊಡುತ್ತಾರೆ, ಅವನನ್ನು ನೋಡಿ ಯಾರೂ ಅರಚುವುದಿಲ್ಲ. ತಯೇಸಿಗೂ ಬೇಕಾಗಿದ್ದದ್ದು ಅದೊಂದೇ.

ಗುಡಿಯ ಹಿರಿಯ ಪನೆಖ, ತಲೆ ಬೋಳಿಸಿದ ಒರಟು ಮಾತಿನವನು, ಪಹೋರ್‌ನನ್ನು ಮೇಲಿಂದ ಕೆಳಗೆ ನೋಡಿದನಂತೆ. "ಕೆಂಪು ತಲೆಯವ್ನು ತಾಯಿ ಪಲ್ಲಕ್ಕಿ ಹೊರ್ತೀಯೇನೋ? ಆಗ್ಲಿ. ನಿಮ್ಮನೇಲಿ ಕೆಂಪು ಕತ್ತೆ ಇದೆಯಲ್ಲ. ಈ ಸಲ ಅದನ್ನ ತಾ. ನಿನ್ನ ಕೈಯಿಂದ್ಲೇ ತಳ್ಳು. ಆಮೇಲೆ ನಿನ್ನ ಬಗ್ಗೆ ಯಾರಿಗೂ ಅನುಮಾನ ಇರಲ್ಲ."

ಮನೆಗೆ ಬಂದು ಹೇಳಿದಾಗ ತಯೇಸಿಯ ಕೈಯಲ್ಲಿದ್ದ ಹಿಟ್ಟು ಕೆಳಗೆ ಬಿತ್ತು.

"ಆಗಲ್ಲ."

"ಮುದಿಕತ್ತೆ ಅವ್ವ ಅದು. ಇನ್ನೆಷ್ಟು ದಿನ ಬದುಕುತ್ತೆ?"

"ಮರಿಯಾಗಿದ್ದಾಗ್ಲೇ ನನ್ನ ಜೊತೆ ಮರಳುಗಾಡು ದಾಟಿ ಬಂದದ್ದು ಅದು. ನೀನು ಹೊಟ್ಟೇಲಿದ್ದಾಗ ನೀರು ಹೊತ್ತಿದ್ದು ಅದು."

"ಅದು ಕತ್ತೆ, ಅವ್ವ. ನಾನು ನಿನ್ನ ಮಗ." ಅವನು ತನ್ನ ತಲೆಗೂದಲು ಹಿಡಿದು ತೋರಿಸಿದ. "ನನ್ಗೆ ಮಸಿ ಬಳ್ದು ಬಳ್ದು ನಿನ್ಗೆ ಸಾಕಾಗಿಲ್ವಾ? ನನ್ಗೆ ಸಾಕಾಗಿದೆ."

ಹಬ್ಬದ ಬೆಳಿಗ್ಗೆ ಅವನು ಹಗ್ಗ ಬಿಚ್ಚಿಕೊಂಡು ಹೋದಾಗ ಅವಳು ತಡೆಯಲಿಲ್ಲ. ಹೆಂಗಸರ ಗುಂಪಿನ ಜೊತೆ ಬಂಡೆಯ ಬುಡದವರೆಗೆ ನಡೆದಳು. ಹೋಗದಿದ್ದರೆ ಜನ ಏನಂದಾರು?

ಏರು ಶುರುವಾಗುವಲ್ಲಿ ಅಣ್ಣಯ್ಯ ಕೂತುಬಿಟ್ಟ. ಪಹೋರ್ ಎಳೆದ, ಬೇಡಿಕೊಂಡ, ಕೊನೆಗೆ ಹೊಡೆದ. ಅದು ಏಳಲಿಲ್ಲ. ಮೊದಲು ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು.

"ನೋಡ್ರೋ, ಅಣ್ಣತಮ್ಮ ಜಗಳ ಆಡ್ತಿದಾರೆ!"

"ಕೆಂಪನ್ನ ಕೆಂಪ ಎಳ್ದ್ರೆ ಬರ್ತಾನಾ? ಇಬ್ರನ್ನೂ ತಳ್ರೋ!"

ಬಿಸಿಲಿಗೆ ಬೆವರು ಸುರಿದು ಮಗನ ತಲೆಯ ಮಸಿ ಕೆನ್ನೆಗೆ ಇಳಿಯುತ್ತಿತ್ತು, ಅದರ ಅಡಿಯಿಂದ ಕೆಂಪು ಕಾಣುತ್ತಿತ್ತು. ಮೊದಲ ಕೆಸರಿನ ಉಂಡೆ ಅವನ ಬೆನ್ನಿಗೆ ಬಿತ್ತು, ಎರಡನೆಯದು ಬಾಯಿಗೆ. ಅವನು ಗುಂಪಿನಲ್ಲಿ ತಾಯಿಯನ್ನು ಹುಡುಕಿದ. ಮೀಸೆ ಬಂದ ಗಂಡಸು, ಚಿಕ್ಕವನಾಗಿದ್ದಾಗ ಹುಡುಕುತ್ತಿದ್ದಂತೆಯೇ ಹುಡುಕಿದ.

ತಯೇಸಿ ಗುಂಪಿನಿಂದ ಹೊರಗೆ ಬಂದಳು. ಮಗನ ಕೈಯಿಂದ ಹಗ್ಗ ತೆಗೆದು ನೆಲಕ್ಕೆ ಹಾಕಿದಳು.

"ಏಳು ಅಣ್ಣಯ್ಯ. ಬಾ, ಹೋಗಣ," ಎಂದಳು.

ಅದರ ಕಿವಿಗಳು ನೆಟ್ಟಗಾದವು. ಮುದಿಮೊಣಕಾಲು ಊರಿ ಎದ್ದಿತು. ಅವಳು ಮುಂದೆ ನಡೆದಳು, ಅದು ಹಿಂದೆ ನಡೆಯಿತು. ಹಗ್ಗವಿಲ್ಲದೆ ಹತ್ತಿದ ಕತ್ತೆಯನ್ನು ಆ ಊರು ಅವತ್ತೇ ನೋಡಿದ್ದು. ಏರಿನುದ್ದಕ್ಕೂ ಅದರ ಬೆಚ್ಚಗಿನ ಉಸಿರು ಅವಳ ಮೊಣಕೈಗೆ ತಾಗುತ್ತಿತ್ತು. ತಿರುಗಿ ಇಳಿದುಬಿಡಲೇ ಎಂದು ಅವಳಿಗೆ ಹೆಜ್ಜೆಹೆಜ್ಜೆಗೂ ಅನ್ನಿಸಿತು. ಹಿಂದೆ ಮಗನ ಏದುಸಿರು ಕೇಳುತ್ತಿತ್ತು, ಅದಕ್ಕೇ ಹತ್ತಿದಳು.

ತುದಿಯಲ್ಲಿ ಅವಳು ಪಕ್ಕಕ್ಕೆ ಸರಿದಳು. ಅಣ್ಣಯ್ಯ ಅವಳ ಕಡೆಗೇ ಮುಖ ತಿರುಗಿಸಿ, ಮುಂದಿನ ಮಾತಿಗೆ ಕಾದು ನಿಂತ. ಪಹೋರ್ ಮತ್ತು ಇನ್ನು ನಾಲ್ವರು ತಳ್ಳಿದರು. ಕೆಳಗೆ ಹೆಂಗಸರು ಗೆಲುವಿನ ಸಂಭ್ರಮಕ್ಕೆ ನಾಲಗೆ ಆಡಿಸಿ ಉಲಿದರು. ತಯೇಸಿಯೂ ಉಲಿದಳು. ತನ್ನ ಬಾಯಿಂದ ಆ ದನಿ ಹೊರಟದ್ದನ್ನು ಅವಳು ಸಾಯುವವರೆಗೂ ಕ್ಷಮಿಸಲಿಲ್ಲ.

ಸಂಜೆ ಪಲ್ಲಕ್ಕಿ ಹೊತ್ತ ಹೆಗಲು ಉಜ್ಜಿಕೊಳ್ಳುತ್ತ ಪಹೋರ್ ಬಂದ. ಮುಖ ಅರಳಿತ್ತು. ಕತ್ತೆಯ ಅಚ್ಚಿನ ರೊಟ್ಟಿಯೊಂದನ್ನು ಅಮುನ್ ಮುಂದೆ ಇಟ್ಟು ವಿಗ್ರಹವನ್ನು ಕೈಗೆತ್ತಿಕೊಂಡ.

"ಕೇಳಿಸ್ಕೊಂಡ ಅವ್ವ, ಇವನು. ಇಷ್ಟು ವರ್ಷಕ್ಕೆ ನನ್ನ ಮಾತು ಕೇಳಿಸ್ಕೊಂಡ." ಸಂತೋಷದಲ್ಲಿ ಅದನ್ನು ಬೆರಳಿಂದ ಸವರುತ್ತಿದ್ದವನು ನೆತ್ತಿಯ ಹತ್ತಿರ ನಿಂತ. "ಇದೇನಿದು, ಮೊಟಕು? ಅಪ್ಪ ಇಂಥ ಕೆಲ್ಸ ಅರ್ಧಕ್ಕೆ ಬಿಡ್ತಿರ್ಲಿಲ್ವಲ್ಲ."

ಅವಳಿಗೆ ಇನ್ನು ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ. ಹಾಗಂತ ಅವಳು ಅಂದುಕೊಂಡಳು.

"ಅಲ್ಲಿ ಕಿವಿ ಇತ್ತು ಮಗಾ. ನಿಮ್ಮಪ್ಪ ಕತ್ತರಿಸ್ದ. ನನ್ಗೋಸ್ಕರ."

ಪಹೋರ್ ತಾಮ್ರದ ಕೆಲಸದವನು. ಮೊಟಕಿನ ಅಗಲ ಸವರಿದರೆ ಉದ್ದ ಅವನಿಗೆ ತಿಳಿಯುತ್ತದೆ. ಅಷ್ಟುದ್ದ ಕಿವಿಯ ದೇವರು ಈ ದೇಶದಲ್ಲಿ ಒಬ್ಬನೇ. ಅವನು ವಿಗ್ರಹವನ್ನು ನೋಡಿದ, ತಾಯಿಯನ್ನು ನೋಡಿದ, ತಾನೇ ಇಟ್ಟ ರೊಟ್ಟಿಯನ್ನು ನೋಡಿದ. ಅವನು ಕೂಗಾಡುತ್ತಾನೆ, ವಿಗ್ರಹವನ್ನು ಬೆಂಕಿಗೆ ಎಸೆಯುತ್ತಾನೆ ಎಂದು ತಯೇಸಿ ಕಾದಳು. ಕೂಗಾಡಿದರೆ ಒಳ್ಳೆಯದು, ಸೆತ್ ದೇವರ ಹೆಸರನ್ನು ತಾನೂ ಒಮ್ಮೆ ಕೂಗಿ ಹೇಳುತ್ತೇನೆ ಅಂದುಕೊಂಡಳು.

ಅವನು ಎದ್ದು ಹೋಗಿ ಬಾಗಿಲು ಹಾಕಿ ಬಂದ. ಅಪ್ಪನ ಅರವನ್ನು ಗೂಡಿನಿಂದ ತೆಗೆದ. ತಾಯಿಯ ಪಕ್ಕದಲ್ಲಿ ಕೂತು, ಅವಳ ಕೈಯನ್ನು ಒಮ್ಮೆ ಮೆತ್ತಗೆ ಒತ್ತಿದ.

"ಹೆದರ್ಬೇಡ ಅವ್ವ. ನಾನು ಯಾರಿಗೂ ಹೇಳಲ್ಲ. ನುಣ್ಣಗೆ ಉಜ್ಜಿಬಿಡ್ತೀನಿ, ಇನ್ಮೇಲೆ ಯಾರಿಗೂ ಗೊತ್ತಾಗಲ್ಲ."

ವಿಗ್ರಹವನ್ನು ಮೊಣಕಾಲುಗಳ ನಡುವೆ ಹಿಡಿದು, ಅಪ್ಪನ ಹಾಗೆಯೇ ಕೈ ನಡುಗದಂತೆ ಉಸಿರು ಬಿಗಿಹಿಡಿದು, ಅರ ಹಾಕತೊಡಗಿದ. ತಯೇಸಿ ತನ್ನ ಎರಡೂ ಕಿವಿಗಳನ್ನು ಮುಚ್ಚಿಕೊಂಡಳು.