ಎಮ್ಮೆಯ ಹಾಗೆ ಸಾಕಿದ ಕುದುರೆ

ಕುದುರೆ ಮೆಲುಕು ಹಾಕುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಅರವತ್ತೆಂಟನೇ ವಯಸ್ಸಿನಲ್ಲಿ. ಹುಟ್ಟಿದಾಗಿನಿಂದ ಎಮ್ಮೆ, ಎತ್ತು, ಆಡುಗಳ ನಡುವೆಯೇ ಇದ್ದವಳು ನಾನು. ಹುಲ್ಲು ತಿನ್ನುವ ಪ್ರಾಣಿ ಯಾವುದೇ ಇರಲಿ, ಹೊಟ್ಟೆ ತುಂಬ ಮೇಯ್ದು ಬಂದು ನೆರಳಿಗೆ ಮಲಗಿ ದವಡೆ ಆಡಿಸದಿದ್ದರೆ ಅದಕ್ಕೆ ಏನೋ ಆಗಿದೆ ಅಂತಲೇ ನಮ್ಮ ಮನೆಯಲ್ಲಿ ತಿಳಿಯುವುದು. ಈ ಕುದುರೆ ಮಲಗಲೂ ಇಲ್ಲ, ದವಡೆ ಆಡಿಸಲೂ ಇಲ್ಲ. ಬಂದ ಎರಡನೇ ದಿನವೇ ಇದು ಸಾಯುತ್ತದೆ ಅಂದುಕೊಂಡೆ.

ಕುದುರೆ ನಮ್ಮದಲ್ಲ. ಹೊಳೆ ದಂಡೆಯ ಮಾಗಳದಲ್ಲಿ ನಮ್ಮ ಹೊಲ. ಭತ್ತದ ಕೊಯ್ಲು ಮುಗಿದ ಮೇಲೆ ಕೂಡ್ಲಿಗಿ ಕಡೆಯಿಂದ ಒಬ್ಬ ಕುರಿಗಾರ ವರ್ಷಾ ವರ್ಷಾ ಬಂದು ನಮ್ಮ ಹೊಲದಲ್ಲಿ ಕುರಿ ತರುಬುತ್ತಾನೆ. ಬಲೆ ಕಟ್ಟಿ ಅದರೊಳಗೆ ಕುರಿಗಳನ್ನು ರಾತ್ರಿ ಕೂಡಿಹಾಕಿದರೆ ಹಿಕ್ಕೆ, ಗಂಜಲ ಎಲ್ಲಾ ಹೊಲಕ್ಕೇ ಗೊಬ್ಬರ. ಅವನ ಅಪ್ಪನೂ ನನ್ನ ಮಾವನ ಕಾಲದಲ್ಲಿ ಹೀಗೆಯೇ ಬರುತ್ತಿದ್ದ. ಅವರ ಸಂಸಾರವೆಲ್ಲ ಕುದುರೆ ಬೆನ್ನಿನ ಮೇಲೆ: ಬಲೆ, ಗೂಟ, ಪಾತ್ರೆ, ಕಂಬಳಿ, ಜೋಳದ ಚೀಲ, ಎಲ್ಲಕ್ಕಿಂತ ಮೇಲೆ ದಾರಿಯಲ್ಲಿ ಹುಟ್ಟಿದ ಎರಡು ಮೂರು ಕುರಿಮರಿ. ಬೂದು ಬಣ್ಣದ ಕುಳ್ಳ ಹೆಣ್ಣು ಕುದುರೆ ಅದು. ಬರುವಾಗಲೂ ಹೋಗುವಾಗಲೂ ಹೇರಿನ ಕೆಳಗೆ ನಾಲ್ಕು ಕಾಲು ಮತ್ತು ಒಂದು ಮೂತಿ ಮಾತ್ರ ನನಗೆ ಕಾಣುತ್ತಿತ್ತು.

ಎರಡು ವರ್ಷದ ಹಿಂದೆ ಅವನು ಸಾಮಾನನ್ನೆಲ್ಲ ಸಣ್ಣ ಗೂಡ್ಸ್ ಗಾಡಿಯಲ್ಲಿ ಹಾಕಿಕೊಂಡು ಬಂದ. ಕುದುರೆ ಖಾಲಿ ಬೆನ್ನಿನಲ್ಲಿ ಗಾಡಿಯ ಹಿಂದೆ ಬಂತು. ಅದಕ್ಕೆ ಇಪ್ಪತ್ತರ ಮೇಲೆ ವಯಸ್ಸಾಗಿದೆ, ಇಳಿಜಾರಿನಲ್ಲಿ ಎಡವುತ್ತದೆ ಅಂದ. ಇಟ್ಟಿಗೆ ಭಟ್ಟಿಗೆ ಒಯ್ಯುತ್ತೇನೆ ಅಂತ ಒಬ್ಬ ವ್ಯಾಪಾರಿ ಎರಡು ಸಲ ಬಂದು ಕೇಳಿದ್ದನಂತೆ. ಅಲ್ಲಿ ಹೊಡೆದು ದುಡಿಸುತ್ತಾರೆ ಅಂತ ಇವನು ಕೊಟ್ಟಿರಲಿಲ್ಲ.

"ಅಕ್ಕಾರ, ಇದನ್ನ ನಿಮ್ಮ ಹತ್ರ ಬಿಟ್ಟು ಹೋಗ್ಲೇನ್ರಿ? ಇಲ್ಲಿ ಹೊಳಿ ಐತಿ, ಮೇವು ಐತಿ. ಕಡೀತನಕ ಆರಾಮ ಇರ್ಲಿ."

"ಅದರಿಂದ ನನಗೇನು ಉಪಯೋಗ ತಮ್ಮಾ?"

"ಏನೂ ಇಲ್ರಿ," ಅಂದ.

ಉಪಯೋಗ ಇದೆ ಅಂದಿದ್ದರೆ ಬೇಡ ಅನ್ನುತ್ತಿದ್ದೆ. ಅವನು ಸುಳ್ಳು ಹೇಳಲಿಲ್ಲ. ಮತ್ತೊಂದು ಕಾರಣವೂ ಇತ್ತು. ಇಷ್ಟು ವರ್ಷ ಹೇರು ಹೊತ್ತ ಕುದುರೆಯನ್ನೇ ನೋಡಿದ್ದೆ. ಹೇರು ಇಳಿಸಿದ ಮೇಲೆ ಅದು ದಿನವೆಲ್ಲ ಏನು ಮಾಡುತ್ತದೆ ಎಂದು ನೋಡುವ ಆಸೆ ನನಗೆ. ಕರುಣೆ ಗಿರುಣೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ನನ್ನ ಸೊಸೆ ಬಾಗಿಲಲ್ಲಿ ನಿಂತು ಎಲ್ಲಾ ಕೇಳಿಸಿಕೊಂಡಳು. "ಅತ್ತಿ, ಹಾಲು ಕೊಡಾಂಗಿಲ್ಲ, ಹೊಲ ಹೂಡಾಂಗಿಲ್ಲ. ನೀವೇನು ಮದುಮಗ ಆಗಿ ಮೆರವಣಿಗಿ ಹೊಂಟೀರೇನು?" ಅಂದಳು. ಹೊರಟರೆ ನಿನ್ನನ್ನೇ ಮುಂದೆ ಕುಣಿಸುತ್ತೇನೆ ಅಂದೆ. ಕುದುರೆ ನಮ್ಮ ಕೊಟ್ಟಿಗೆಗೆ ಬಂತು.

ಮೆಲುಕಿನ ವಿಷಯಕ್ಕೆ ಕುರಿಗಾರನಿಗೆ ಫೋನ್ ಮಾಡಿದಾಗ ಅವನು ನಕ್ಕ ನಗೆ ಇನ್ನೂ ನನ್ನ ಕಿವಿಯಲ್ಲಿದೆ. ಅದು ಒಮ್ಮೆ ನುಂಗಿದ್ದನ್ನು ತಿರುಗಿ ಬಾಯಿಗೆ ತರುವುದೇ ಇಲ್ಲವಂತೆ. ನಿಂತೇ ನಿದ್ದೆ ಮಾಡುತ್ತದಂತೆ. ಆಮೇಲೆ ನಾನು ಒಂದೊಂದೇ ನೋಡುತ್ತಾ ಹೋದೆ. ಎಮ್ಮೆಗೆ ಮುಂದಿನ ಮೇಲುಹಲ್ಲು ಇಲ್ಲ, ನಾಲಿಗೆಯಿಂದ ಹುಲ್ಲು ಸುತ್ತಿ ಎಳೆಯುತ್ತದೆ. ಇದಕ್ಕೆ ಮೇಲೂ ಹಲ್ಲು, ಕೆಳಗೂ ಹಲ್ಲು. ತುಟಿಯಿಂದ ತಡವಿ, ಬೇಕಾದದ್ದನ್ನು ಮಾತ್ರ ಆರಿಸಿ ಕತ್ತರಿಸುತ್ತದೆ. ಬೂಸಾದೊಳಗೆ ಒಂದು ಜಂತುಹುಳದ ಗುಳಿಗೆ ಮುಚ್ಚಿಟ್ಟು ಕೊಟ್ಟೆ. ಬೂಸಾ ಖಾಲಿಯಾಯಿತು, ಗುಳಿಗೆ ತಳದಲ್ಲಿ ಉಳಿಯಿತು. ಎಮ್ಮೆ ಬಾಯಿ ಹಾಕಿದ ತೊಟ್ಟಿಯ ನೀರು ಕುಡಿಯದು, ಅದಕ್ಕೇ ಒಂದು ಬಕೆಟ್ ಬೇರೆ. ಲದ್ದಿಯಲ್ಲಿ ಒಲೆಗೆ ಕುಳ್ಳು ತಟ್ಟಿ ನೋಡಿದೆ. ಒಣಗಿದ ಮೇಲೆ ಎತ್ತಿದರೆ ಪುಡಿ ಪುಡಿಯಾಗಿ ಸೀರೆಯ ಮೇಲೆ ಬಿತ್ತು.

ಒಂದು ಮಧ್ಯಾಹ್ನ ಅದು ಅಡ್ಡಡ್ಡ ಬಿದ್ದು, ನಾಲ್ಕೂ ಕಾಲು ಚಾಚಿ, ಕುತ್ತಿಗೆ ನೆಲಕ್ಕೆ ಹಾಕಿತ್ತು. ಸೊಸೆ ಓಡಿ ಬಂದು ಕುದುರೆ ಸತ್ತು ಹೋಗಿದೆ ಅಂದಳು. ಎಲ್ಲಿ ಹೂಳಬೇಕು, ಯಾರನ್ನು ಕರೆಯಬೇಕು ಅಂತ ನಾವಿಬ್ಬರೂ ಅದರ ತಲೆಯ ಹತ್ತಿರ ನಿಂತೇ ಮಾತಾಡಿದೆವು. ಅದು ಒಂದು ಕಣ್ಣು ತೆರೆದು ನೋಡಿ, ಮತ್ತೆ ಮುಚ್ಚಿತು.

ಬೆಳಿಗ್ಗೆ ನಾನು ಹೊರಗೆ ಬರುವ ಹೊತ್ತಿಗೆ ಗೋಡೆಗೆ ಪಕ್ಕೆ ಕೊಟ್ಟು, ನೆಟ್ಟಗೆ ನಿಂತಿರುತ್ತಿತ್ತು. ಹೇರು ಹಾಕಿಸಿಕೊಳ್ಳಲು ನಿಲ್ಲುವುದು ಹಾಗಂತೆ. ಬೆನ್ನಿನ ಮೇಲೆ ಹೇರು ಉಜ್ಜಿ ಉಜ್ಜಿ ಕೂದಲು ಬೆಳ್ಳಗಾದ ಎರಡು ಜಾಗ ಇತ್ತು. ಅಲ್ಲಿ ಕೈ ಇಟ್ಟು ಇವತ್ತು ಏನೂ ಇಲ್ಲ ಅಂತ ಹೇಳುತ್ತಿದ್ದೆ. ಸ್ವಲ್ಪ ಹೊತ್ತು ಕಾಯುತ್ತಿತ್ತು, ಆಮೇಲೆ ಒಂದು ಹಿಂಗಾಲು ಸಡಿಲ ಬಿಟ್ಟು ನಿಲ್ಲುತ್ತಿತ್ತು.

ಇಷ್ಟೆಲ್ಲ ಬೇರೆ ಅಂತ ಕಣ್ಣಾರೆ ನೋಡಿದವಳು ಮೇವಿನ ವಿಷಯಕ್ಕೆ ಬಂದಾಗ ಎಮ್ಮೆಯನ್ನೇ ನೆನೆದೆ. ಹಾಲು ಕರೆಯುವ ಎಮ್ಮೆಗೆ ಏನು ಹಾಕುತ್ತೇನೋ ಅದನ್ನೇ ಇದಕ್ಕೂ ಹಾಕಿದೆ. ಹೊತ್ತಿಗೆ ಸರಿಯಾಗಿ ಶೇಂಗಾ ಹಿಂಡಿ, ಬೂಸಾ, ಎಳೆ ಮೆಕ್ಕೆಜೋಳದ ದಂಟು. ಮಳೆ ಬಿದ್ದ ಮೇಲೆ ಬದುವಿನ ಹಸಿ ಹುಲ್ಲು ಎಷ್ಟು ಬೇಕಾದರೂ. ಜೀವಮಾನವೆಲ್ಲ ದುಡಿದಿದೆ, ಈಗ ಕೂತು ತಿನ್ನಲಿ ಅಂತ. ಓಣಿಯ ಹೆಂಗಸರು ಬೆಲ್ಲ, ಬಾಳೆಹಣ್ಣು ತಂದು ಬಾಯಿಗಿಟ್ಟು ಹೋಗುತ್ತಿದ್ದರು. ಬಂದಾಗ ಎಣಿಸುವಂತಿದ್ದ ಪಕ್ಕೆಲುಬು ಮುಚ್ಚಿಹೋದವು. ಕುತ್ತಿಗೆಯ ಮೇಲ್ಭಾಗ ಗಟ್ಟಿಯಾಗಿ ಉಬ್ಬಿತು. ಬಂದವರೆಲ್ಲ ಅಜ್ಜಿ ಚಲೋ ಸಾಕಿದ್ದಾಳೆ ಅಂದರು. ನಾನೂ ಹೌದು ಅಂದುಕೊಂಡೆ.

ಶ್ರಾವಣದ ಒಂದು ಬೆಳಿಗ್ಗೆ ಅದು ಗೋಡೆಯ ಹತ್ತಿರ ಇರಲಿಲ್ಲ. ಮೂಲೆಯಲ್ಲಿ ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತಿತ್ತು. ಹಗ್ಗ ಎಳೆದರೆ ಕೆಂಡದ ಮೇಲೆ ಇಟ್ಟ ಹಾಗೆ ಒಂದು ಹೆಜ್ಜೆ ಇಟ್ಟು ನಿಂತುಬಿಟ್ಟಿತು. ಮುಳ್ಳು ಚುಚ್ಚಿರಬೇಕು ಅಂತ ಗೊರಸು ಎತ್ತಿ ನೋಡಿದೆ. ಮುಳ್ಳಿಲ್ಲ, ಗಾಯವಿಲ್ಲ. ಆದರೆ ಗೊರಸು ಬಿಸಿಯಿತ್ತು, ಚಹಾ ತುಂಬಿದ ಲೋಟ ಮುಟ್ಟಿದ ಹಾಗೆ. ಇನ್ನೊಂದನ್ನೂ ಮುಟ್ಟಿದೆ, ಅದೂ ಬಿಸಿ. ಮುಳ್ಳು ಒಂದು ಕಾಲಿಗೆ ಚುಚ್ಚಬಹುದು. ಎರಡೂ ಕಾಲಿಗೆ ಒಂದೇ ದಿನ ಹೇಗೆ? ಅಲ್ಲೇ ಕೂತು ಬಹಳ ಹೊತ್ತು ನೋಡಿದೆ. ನನಗೆ ಗೊತ್ತಿದ್ದ ಯಾವ ರೋಗಕ್ಕೂ ಅದು ಹೊಂದಲಿಲ್ಲ. ಸೊಸೆ ದೃಷ್ಟಿಯಾಗಿದೆ ಅಂತ ಮೆಣಸಿನಕಾಯಿ ಇಳಿಸಿ ಸುಟ್ಟಳು. ನಾನೇನೂ ತಡೆಯಲಿಲ್ಲ. ಗೊರಸಿನ ಬಿಸಿ ಇಳಿಯಲಿಲ್ಲ.

ಹಡಗಲಿಯಿಂದ ದನದ ಡಾಕ್ಟರನ್ನು ಕರೆಸಿದೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೊದಲು ಕುದುರೆಯ ಕಾಲು ನೋಡಲಿಲ್ಲ, ಕುತ್ತಿಗೆ ಒತ್ತಿ ನೋಡಿದಳು. ಆಮೇಲೆ ಮೇವಿನ ಗೋದಲಿ ನೋಡಿದಳು. ಏನೇನು ಹಾಕುತ್ತೀರಿ ಅಂತ ಕೇಳಿದಳು. ನಾನು ಹೆಮ್ಮೆಯಿಂದಲೇ ಎಲ್ಲಾ ಹೇಳಿದೆ.

"ಅಜ್ಜಿ, ನೀವು ಕುದುರಿಗೆ ಎಮ್ಮಿ ಊಟ ಹಾಕೀರಿ," ಅಂದಳು. "ತಿಂದದ್ದು ಕಾಲಿಗೆ ಬಂದೈತಿ. ಗೊರಸಿನ ಒಳಗ ಬಾವು ಐತಿ."

ತಿಂದದ್ದು ಕಾಲಿಗೆ ಹೇಗೆ ಬರುತ್ತದೆ ಅಂತ ಕೇಳಿದೆ. ಅವಳು ಬೇಸರಪಡದೆ ಹೇಳಿದಳು. ಒಣ ಹುಲ್ಲು ತಿಂದು ದಿನವೆಲ್ಲ ನಡೆಯುವ ಪ್ರಾಣಿ ಅದು. ನಡೆಯುವುದು ನಿಂತು, ಹಸಿ ಮೇವು, ಹಿಂಡಿ, ಬೆಲ್ಲ ಒಟ್ಟಿಗೆ ಸಿಕ್ಕರೆ ಅದು ಮೈಯಲ್ಲಿ ಕೆಟ್ಟು, ಗೊರಸು ಒಳಗಿನ ಎಲುಬನ್ನು ಹಿಡಿದ ಹಿಡಿತ ಬಿಡುತ್ತದೆ. ಎಲುಬು ಒಳಗೇ ಜರುಗಿಬಿಟ್ಟರೆ ಆಮೇಲೆ ಅದು ಏಳುವುದಿಲ್ಲ, ಸೂಜಿ ಕೊಟ್ಟು ಸಾಯಿಸುವುದು ಒಂದೇ ದಾರಿ. ಎಂಟು ಹತ್ತು ದಿನದಲ್ಲಿ ಗೊತ್ತಾಗುತ್ತದೆ ಅಂದಳು. ನೋವಿಗೆ ಇಂಜೆಕ್ಷನ್ ಕೊಟ್ಟು, ಮೆತ್ತನೆಯ ನೆಲ, ಗೊರಸಿಗೆ ತಣ್ಣೀರು, ತಿನ್ನಲು ಒಣ ಜೋಳದ ಸೊಪ್ಪೆ, ಬೇರೆ ಏನೂ ಇಲ್ಲ ಅಂತ ಹೇಳಿ ಹೋದಳು. ನೋವು ಇಳಿಯುವವರೆಗೆ ನಡೆಸಬಾರದು, ಇಳಿದ ಮೇಲೆ ದಿನಾ ನಡೆಸಲೇಬೇಕು.

ಇಟ್ಟಿಗೆ ಭಟ್ಟಿಯವನು ಹೊಡೆದು ಕೊಲ್ಲುತ್ತಿದ್ದ, ನಾನು ತಿನ್ನಿಸಿ ಕೊಲ್ಲಲು ಹೊರಟಿದ್ದೆ. ಇದನ್ನು ಕುರಿಗಾರನಿಗೆ ಹೇಳಲು ಮೂರು ದಿನ ಬೇಕಾಯಿತು. ಹೇಳಿದಾಗ ಅವನು ಬಯ್ಯಲಿಲ್ಲ. "ನನಗೂ ಗೊತ್ತಿರಲಿಲ್ರಿ ಅಕ್ಕಾರ. ನಮ್ಮ ಕಡಿ ಅದಕ್ಕ ಅಷ್ಟು ತಿನ್ನಾಕ ಯಾವತ್ತು ಸಿಕ್ಕೈತಿ?" ಅಂದ.

ಮನೆ ಕಟ್ಟಿದಾಗ ಉಳಿದಿದ್ದ ಮರಳನ್ನು ಕೊಟ್ಟಿಗೆಗೆ ಹರಡಿದೆವು. ನಾನು ಗೋಣಿಚೀಲ ನೆನೆಸಿ ಗೊರಸಿಗೆ ಸುತ್ತುತ್ತಿದ್ದೆ, ಒಣಗಿದ ಕೂಡಲೇ ಮತ್ತೆ ನೀರು. ಆ ದಿನಗಳಲ್ಲಿ ಅದು ಬಹಳ ಹೊತ್ತು ಮಲಗಿಯೇ ಇರುತ್ತಿತ್ತು. ನಾನು ಪಕ್ಕದಲ್ಲಿ ಕೂತು ಅದರ ಕಿವಿ ನೋಡುತ್ತಿದ್ದೆ. ಒಂದು ಕಿವಿ ನನ್ನ ಕಡೆ ಇದ್ದರೆ ಇನ್ನೊಂದು ಬಾಗಿಲ ಕಡೆ ಇರುತ್ತದೆ. ಸೊಸೆಯ ಹೆಜ್ಜೆಗೆ ಬಾಗಿಲ ಕಡೆಯ ಕಿವಿ ಮಾತ್ರ ತಿರುಗುತ್ತಿತ್ತು, ಬಕೆಟ್ ಸದ್ದಿಗೆ ಎರಡೂ. ನೋವು ಹೆಚ್ಚಾದಾಗ ಎರಡೂ ಪಕ್ಕಕ್ಕೆ ಜೋತುಬೀಳುತ್ತಿದ್ದವು. ಬರೀ ಸೊಪ್ಪೆ ಕಂಡು ಗೋದಲಿಯನ್ನು ಮೂತಿಯಿಂದ ದೂಡುತ್ತಿತ್ತು. ಒಂದು ಹಿಡಿ ಹಿಂಡಿ ಹಾಕೋಣ ಅಂತ ಸೊಸೆ ಎರಡು ಸಲ ಕೇಳಿದಳು. ಹಾಕಲು ಬಿಡಲಿಲ್ಲ.

ಹನ್ನೊಂದನೇ ದಿನ ಎರಡೂ ಮುಂಗಾಲಿನ ಮೇಲೆ ಸಮವಾಗಿ ಭಾರ ಹಾಕಿ ನಿಂತಿತು. ಗೊರಸು ಮುಟ್ಟಿದೆ, ತಣ್ಣಗಿತ್ತು. ಡಾಕ್ಟರ್ ಬಂದು ನೋಡಿ, ಉಳಿಯಿತು, ಆದರೆ ಇನ್ನೊಮ್ಮೆ ಬಂದರೆ ಉಳಿಯುವುದಿಲ್ಲ ಅಂತ ಗೊರಸು ಕತ್ತರಿಸಿ ಸರಿಮಾಡಿ ಹೋದಳು.

ಆಮೇಲೆ ನಾನು ಓಣಿಗೆ ಕೆಟ್ಟವಳಾದೆ. ಬೆಲ್ಲ ತಂದವರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದೆ. ಮೂಕ ಪ್ರಾಣಿಯನ್ನು ಉಪವಾಸ ಹಾಕುತ್ತಾಳೆ, ಜಿಪುಣಿ ಅಂದರು. ಒಬ್ಬಾಕೆ ಹಬ್ಬದ ಹೋಳಿಗೆಯನ್ನು ಕುದುರೆಗೆ ಅಂತಲೇ ತಂದಳು. ಅವಳ ಎದುರಿಗೇ, ಕುದುರೆ ನೋಡುತ್ತಿರುವಾಗಲೇ, ನಾನೇ ತಿಂದೆ. ದಿನಾ ಬೆಳಿಗ್ಗೆ ಅದನ್ನು ಕಾಲುವೆಯ ದಾರಿಯಲ್ಲಿ ನಡೆಸಿಕೊಂಡು ಹೋಗುತ್ತಿದ್ದೆ. ನನ್ನ ಮುಂದೆ ಹೋಗದು, ಪಕ್ಕಕ್ಕೂ ಬಾರದು. ಅದರ ಮೂತಿ ನನ್ನ ಹೆಗಲ ಹಿಂದೆಯೇ ಇರುತ್ತಿತ್ತು. ಇದರಿಂದ ಅತ್ತೆಯ ಮೊಣಕಾಲು ನೋವು ಹೋಯಿತು ಅಂತ ಸೊಸೆ ಎಲ್ಲರಿಗೂ ಹೇಳಿದ್ದಾಳೆ. ಹೋಗಿಲ್ಲ.

ಮರುವರ್ಷ ಕೊಯ್ಲಾದ ಮೇಲೆ ಕುರಿಗಾರ ಬಂದ. ಪಕ್ಕೆಲುಬು ಮತ್ತೆ ಸ್ವಲ್ಪ ಕಾಣುತ್ತಿದ್ದವು. ಅವನೂ ಜಿಪುಣಿ ಅನ್ನುತ್ತಾನೋ ಅಂತ ನೋಡುತ್ತಾ ನಿಂತೆ. ಅವನು ಕುತ್ತಿಗೆ ಒತ್ತಿದ, ನಾಲ್ಕೂ ಗೊರಸು ಎತ್ತಿದ, ಹತ್ತು ಹೆಜ್ಜೆ ನಡೆಸಿದ. "ಈಗ ಕುದುರಿ ಹಂಗ ಐತ್ರಿ," ಅಂದ. ಅಷ್ಟೇ.

ಮೂರನೇ ದಿನ ಬೆಳಿಗ್ಗೆ ಮಂದೆ ಹೊರಡುವ ಮುಂಚೆ, ಕುದುರೆಯನ್ನು ಒಳಗೆ ಗಟ್ಟಿಯಾಗಿ ಕಟ್ಟಿ ಅಂದ. ಕುರಿಗಳ ಹಿಂದೆ ನಡೆದೇ ಬೆಳೆದದ್ದು, ಬಂದೇ ಬರುತ್ತದೆ ಅಂದ. ನನಗೆ ಅದು ಬಂದೇ ಬರುತ್ತದೋ ಇಲ್ಲವೋ ತಿಳಿಯಬೇಕಿತ್ತು. ಇದು ಅದಕ್ಕೆ ಮನೆಯಾಗಿದೆಯೋ, ಬರೀ ಕಟ್ಟಿಹಾಕಿದ ಜಾಗವೋ ಅಂತ ಬೇರೆ ಹೇಗೆ ಗೊತ್ತಾಗಬೇಕು? ಹಗ್ಗ ಬಿಚ್ಚಿದೆ.

"ಬಂದುಬಿಟ್ರ?" ಅಂತ ಕೇಳಿದ.

"ಬಂದ್ರ ಕರಕೊಂಡು ಹೋಗು. ಆದ್ರ ನಿಧಾನ ನಡಸು, ಬೆಲ್ಲ ಕೊಡಬ್ಯಾಡ."

ಕುರಿಗಳು ಗಂಟೆ ಸದ್ದು ಮಾಡುತ್ತಾ ಹೊರಟವು. ಕುದುರೆ ಎರಡೂ ಕಿವಿ ನಿಮಿರಿಸಿ, ತಲೆಯೆತ್ತಿ, ಹಿಂದೆಯೇ ಹೊರಟಿತು. ಸೊಸೆ ನನ್ನ ಮುಖ ನೋಡಿದಳು. ನಾನು ಚಪ್ಪಲಿ ಮೆಟ್ಟಿಕೊಂಡು ಹಿಂದೆ ಹೋದೆ. ಕಾಲುವೆಯ ಸೇತುವೆಯವರೆಗೆ ಅದು ತನ್ನ ಹಳೆಯ ಜಾಗದಲ್ಲಿ, ಮಂದೆಯ ಕಟ್ಟಕಡೆಗೆ, ನಡೆಯಿತು. ಸೇತುವೆ ದಾಟಿದ ಮೇಲೆ ದಂಡೆಯಲ್ಲಿ ಒಣ ಹುಲ್ಲು ಬೆಳೆದಿತ್ತು. ಅಲ್ಲಿ ನಿಂತು ತಲೆ ಬಗ್ಗಿಸಿತು. ಕುರಿಗಾರ ಎರಡು ಸಲ ತಿರುಗಿ ನೋಡಿದ, ಕರೆಯಲಿಲ್ಲ. ಮಂದೆ ತಿರುವು ದಾಟಿತು, ಧೂಳು ಇಳಿಯಿತು, ಗಂಟೆ ಕೇಳಿಸದಾಯಿತು. ಅದು ಒಮ್ಮೆ ತಲೆಯೆತ್ತಿ ದಾರಿ ನೋಡಿ, ಮತ್ತೆ ಹುಲ್ಲಿಗೆ ಬಾಯಿ ಹಾಕಿತು.

ನಾನೂ ಕರೆಯಲಿಲ್ಲ. ಸೇತುವೆಯ ಕಟ್ಟೆಯ ಮೇಲೆ ಕೂತೆ. ಬಿಸಿಲು ಏರುವ ಹೊತ್ತಿಗೆ ಅದು ಮೇಯುತ್ತಾ ಮೇಯುತ್ತಾ ತಿರುಗಿ ಸೇತುವೆ ದಾಟಿ, ನಮ್ಮ ಹೊಲದ ಕಡೆಗೆ ಹೋಯಿತು. ಅತ್ತ ಹುಲ್ಲು ಹೆಚ್ಚಿತ್ತೋ, ನಮ್ಮಲ್ಲೇ ಇರೋಣ ಅನ್ನಿಸಿತೋ, ನನಗೆ ಗೊತ್ತಾಗಲಿಲ್ಲ. ಇವತ್ತಿಗೂ ಗೊತ್ತಿಲ್ಲ. ಆ ದಿನದಿಂದ ಅದನ್ನು ಕಟ್ಟುವುದನ್ನು ಬಿಟ್ಟಿದ್ದೇನೆ.