ಜರಿಗಿಡಕ್ಕೆ ನೆರಳಾಗಿ ನಿಂತ ಮನೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಒತೀಲಿಯಾ ಚಿಗ್ವಾಯ್ ಮಂಡಿಯೂರಿ ಕುಳಿತು, ಜರಿಗಿಡದ ಎಲೆಯೊಂದನ್ನು ಮೆಲ್ಲಗೆ ಮಗುಚಿ ನೋಡುತ್ತಿದ್ದಾರೆ. ಎಲೆಯಡಿ ಬೀಜದ ಬದಲಿಗೆ ಕಟ್ಟುವ ಕಂದು ಪುಡಿಯನ್ನು ಚಾಕುವಿನ ಬೆನ್ನಿನಿಂದ ಕೆರೆದು, ಕೊಳೆತ ಮರದ ಹುಡಿ ತುಂಬಿದ ಹಳೇ ಡಬ್ಬಕ್ಕೆ ಉದುರಿಸಿ, ಮೇಲೆ ಒಡೆದ ಕಿಟಕಿ ಗಾಜು ಮುಚ್ಚುತ್ತಾರೆ. ಅದು ನೆಡುವಂಥ ಗಿಡವಾಗಲು ವರ್ಷಗಳೇ ಬೇಕು. "ಅವಸರ ಇರೋರು ಆಲೂಗಡ್ಡೆ ಹಾಕ್ಕೊಳ್ಲಿ" ಎನ್ನುತ್ತಾರೆ, ತಲೆಯೆತ್ತದೆ.

ಚಿಲೋಯೆ ದ್ವೀಪದ ಈ ಕಡಲಂಚಿನ ಹಳ್ಳಿಯಲ್ಲಿ ಎಲ್ಲರೂ ಹಾಕುವುದು ಆಲೂಗಡ್ಡೆಯನ್ನೇ. ಜರಿಗಿಡವೆಂದರೆ ಕಳೆ, ಕಂಡಲ್ಲಿ ಕತ್ತಿ ಬೀಸುವುದು ರೂಢಿ. ಅರವತ್ತು ದಾಟಿದ ಒತೀಲಿಯಾ ಮಾತ್ರ ಕಾಡು ಕಡಿದಲ್ಲೆಲ್ಲ ಬುಟ್ಟಿ ಹೊತ್ತು ಹೋಗಿ, ಉಳಿದ ಜರಿಯನ್ನು ಬುಡಸಮೇತ ಎತ್ತಿ ತಂದು ಸಾಕಿದವರು. ಹೆಚ್ಚಿನವು ಇಲ್ಲಿಯವರು 'ಹಸುವಿನ ಪಕ್ಕೆಲುಬು' ಎನ್ನುವ ಜಾತಿ. ಚಿಗುರುವಾಗ ತಾಮ್ರಗೆಂಪು, ಬಲಿತರೆ ಕಡುಹಸಿರು. ಆಲಿಕಲ್ಲಿಗೂ ಬಗ್ಗದು, ಚಳಿಗಾಲಕ್ಕೂ ಎಲೆ ಉದುರಿಸದು. ಒರತೆಯ ದಂಡೆ ಬೋಳಾಗಿ ನೀರು ಬತ್ತತೊಡಗಿದಾಗ ತೇವ ಹಿಡಿದಿಡುವ ಜರಿಯ ಸಸಿ ಕೇಳಿಕೊಂಡು ಊರವರು ಈಗ ಬರುವುದು ಈ ತೋಟಕ್ಕೇ.

ಒತೀಲಿಯಾ ಕಲಿತದ್ದು ಕೆಡಿಸಿಯೇ. ಮೊದಲ ವರ್ಷ, ಆಲೂಗಡ್ಡೆ ಹೊಲಕ್ಕೆ ಹಾಕುವಂತೆ ಜರಿಗೂ ಕಡಲಪಾಚಿ ಹಾಸಿದರು. ಉಪ್ಪು ಬೇರಿಗಿಳಿದು ಅರ್ಧ ತೋಟ ಸುಟ್ಟುಹೋಯಿತು. "ನಮ್ಮೂರೋರ ಬುದ್ಧಿನೇ ಅಷ್ಟು. ಏನೇ ನೆಟ್ರೂ ಸಮುದ್ರ ತಂದು ಸುರೀತೀವಿ" ಎಂದು ಈಗ ನಗುತ್ತಾರೆ.

ನಗು ನಿಲ್ಲುವುದು ಪಡುವಣ ಬೇಲಿಯ ಮಾತು ಬಂದಾಗ. ಬೆಳಗಿನ ಬಿಸಿಲನ್ನು ತೋಟದೊಳಗಿನ ಗಿಡ್ಡ ಮರಗಳು ತಡೆಯುತ್ತವೆ. ಇಳಿಹೊತ್ತಿನ ಸುಡುಬಿಸಿಲನ್ನು ತಡೆಯುತ್ತಿದ್ದದ್ದು ಬೇಲಿಯಾಚೆಯ ಹೆಮ್ಮರಗಳ ಸಾಲು. ಆಚೆಯ ದಿಬ್ಬವನ್ನು ರಾಜಧಾನಿಯ ಕ್ಲೆಮೆಂತೆ ಎಂಬವರು ಕೊಂಡು, ಬೇಸಿಗೆ ಬಂಗಲೆ ಕಟ್ಟಿ, ಕಿಟಕಿಗೆ ಸಮುದ್ರ ಕಾಣಬೇಕೆಂದು ಆ ಸಾಲನ್ನೇ ಉರುಳಿಸಿದರು. ಕೆಲವೇ ದಿನಗಳಲ್ಲಿ ಜರಿಯ ಎಲೆಗಳು ಹಪ್ಪಳವಾದವು. ಕೇಳಲು ಹೋದರೆ ಬಂದ ಉತ್ತರ ಇದು: "ಕಳೆ ತಾನೇ ಅಮ್ಮಾ? ಗುಲಾಬಿ ಗಿಡ ತರಿಸಿಕೊಡ್ತೀನಿ ಬಿಡಿ. ಬಿಸಿಲಿಗೆ ಚೆನ್ನಾಗಿ ಬರುತ್ತೆ."

ಒತೀಲಿಯಾ ಆ ಗುಲಾಬಿಗೆ ಸೊಪ್ಪು ಹಾಕಲಿಲ್ಲ. ನೆರಳಿಗೆಂದು ಗೋಣಿ ಕಟ್ಟಿದರು, ಹಳೇ ಮೀನುಬಲೆ ಹರಡಿದರು. ಎಲ್ಲವನ್ನೂ ಗಾಳಿ ಹೊತ್ತೊಯ್ದಿತು. ಗಿಡ ಕಿತ್ತು ಬೇರೆಡೆ ನೆಡು ಎಂದು ನೆರೆಯವರು ಬುದ್ಧಿ ಹೇಳಿದಾಗ ಕಡ್ಡಿ ಮುರಿದಂತೆ ಅಂದುಬಿಟ್ಟರು: "ಒಂದ್ಸಲ ಕಿತ್ತು ತಂದಿದೀನಿ. ಇನ್ನೊಂದ್ಸಲ ಕೀಳಲ್ಲ. ಮನೆ ಕೀಳ್ತೀನಿ."

ಮನೆ ಕೀಳುವುದು ಇಲ್ಲಿ ಹುಚ್ಚು ಮಾತೇನಲ್ಲ. ಮರದ ಮನೆಯ ಅಡಿಗೆ ದಿಮ್ಮಿ ಕೊಟ್ಟು, ಎತ್ತು ಹೂಡಿ, ಊರೇ ಸೇರಿ ಎಳೆಯುವ ಆ ಕೆಲಸಕ್ಕೆ ಮಿಂಗ ಎಂದು ಹೆಸರು. ಕರೆದವರು ಊಟ ಹಾಕಬೇಕು, ಕರೆಸಿಕೊಂಡವರು ಬರಬೇಕು. ಕೂಲಿಯ ಮಾತೇ ಇಲ್ಲ. ಹುಚ್ಚೆನಿಸಿದ್ದು ಕಾರಣ: ಉರುಳಿದ ಮರಗಳ ಬದಲು ಮನೆಯೇ ಜರಿಗೆ ನೆರಳಾಗಬೇಕಿತ್ತು. ಎತ್ತು ಹೊಡೆಯುವ ಅಣ್ಣ ರೋಸೆಂದೋ ಹಣೆ ಚಚ್ಚಿಕೊಂಡರು: "ಮಗನ ಪಾಲಿನ ಜಾಗಕ್ಕೆ ಮನೆ ಎಳ್ದಿದೀನಿ, ಕೊಚ್ಚೆ ದಾಟ್ಸೋಕೆ ಎಳ್ದಿದೀನಿ. ಸೊಪ್ಪಿಗೆ ಕೊಡೆ ಹಿಡಿಯೋಕೆ ಎಳ್ದಿರ್ಲಿಲ್ಲ ಕಣೇ." ಆದರೂ ಮಿಂಗದ ದಿನ ಮೊದಲು ಬಂದು ನಿಂತದ್ದು ಅವರ ಎತ್ತುಗಳೇ.

ತೋಟದ ಪಕ್ಕದ ಇಳಿಜಾರಿನಲ್ಲಿ ಹಗ್ಗ ಹರಿಯಿತು. ಎರಡಂತಸ್ತಿನ ಮನೆ ಜರಿಗಿಡಗಳ ಕಡೆಗೇ ಜಾರತೊಡಗಿತು. ಬೆಳಗಿನಿಂದ ಲೇವಡಿ ಮಾಡುತ್ತಿದ್ದವರೇ "ಗಿಡ, ಗಿಡ ಜೋಪಾನ" ಎನ್ನುತ್ತ ಓಡಿಬಂದು ಗೋಡೆಗೆ ಭುಜ ಕೊಟ್ಟರು. ಜಾರುತ್ತಿದ್ದ ಮನೆ ನಿಂತಿತು, ಸಂಜೆಯೊಳಗೆ ಪಡುವಣ ಬೇಲಿಯ ಪಕ್ಕ ಸೇರಿತು. ಆವತ್ತಿನಿಂದ ಊರಲ್ಲಿ ಯಾರೂ ಜರಿಯನ್ನು ಸೊಪ್ಪು ಎನ್ನುವುದಿಲ್ಲ.

ಎಳೆದ ಪೆಟ್ಟಿಗೆ ಒಲೆಯ ಹೊಗೆಕೊಳವೆ ಕಳಚಿತು, ಮೂಲೆ ಸೀಳಿತು, ಮಳೆ ಬಂದರೆ ಇಂದಿಗೂ ಹಾಸಿಗೆ ಸರಿಸಬೇಕು. ಮನೆ ಮೊದಲು ಕಡಲಂಚಿನಲ್ಲಿದ್ದಾಗ ಅಡುಗೆಮನೆಯ ಕಿಟಕಿಯಿಂದ ಗಂಡ ಅಬೆಲಾರ್ದೋ ಅವರ ದೋಣಿ ಬರುವುದು ಕಾಣುತ್ತಿತ್ತು. ಒಂದು ಸಂಜೆ ಅದು ಬರಲಿಲ್ಲ. ಆಮೇಲೂ ಒತೀಲಿಯಾ ಆ ಕಿಟಕಿ ಬಿಟ್ಟು ಕದಲಿರಲಿಲ್ಲ. ಈಗ ಅದರ ತುಂಬ ಬರೀ ಜರಿ. "ಕಾದಿದ್ದು ಸಾಕು. ಇದು ಬರುತ್ತೆ ಅಂದ್ರೆ ಬರುತ್ತೆ" ಎನ್ನುತ್ತಾರೆ, ಚಿಗುರೊಂದನ್ನು ತೋರಿಸಿ.

ಹೊತ್ತೇರಿದಾಗ ಕ್ಲೆಮೆಂತೆ ಬೇಲಿಯ ಬಳಿ ಬರುತ್ತಾರೆ. ಈ ಬೇಸಿಗೆಯಲ್ಲಿ ಇದು ಮೊದಲ ಸಲವಲ್ಲ. "ಅಮ್ಮಾ, ನನ್ನ ಕಿಟಕೀಲಿ ನಿಮ್ಮ ಚಾವಣಿ ಬಿಟ್ರೆ ಏನೂ ಕಾಣಲ್ಲ. ಮನೆ ಸ್ವಲ್ಪ ಸರಿಸಿ, ಖರ್ಚು ನಂದು."

"ಮಿಂಗಕ್ಕೆ ಖರ್ಚಿಲ್ಲ ಸ್ವಾಮಿ" ಎಂದು ಒತೀಲಿಯಾ ಮಣ್ಣಿನ ಕೈ ಕೊಡವಿ ಏಳುತ್ತಾರೆ. "ಬೇಲಿ ಉದ್ದಕ್ಕೂ ಮರ ನೆಡಿ. ಅದರ ನೆರಳು ನನ್ನ ಗಿಡ ಮುಟ್ಟಿದ ದಿನ ಎತ್ತು ಕಟ್ಟಿಸ್ತೀನಿ. ನಿಮ್ಮನ್ನೂ ಕರೀತೀನಿ, ಹಗ್ಗ ಹಿಡೀಬೇಕು."

ಬೇಲಿಗೊರಗಿ ನಿಂತ ರೋಸೆಂದೋ ಕೆಣಕುತ್ತಾರೆ: "ಅಷ್ಟು ಮರ ಬೆಳೆಯೋ ತನಕ ನೀನಿರ್ತೀಯೇನೇ?"

ಒತೀಲಿಯಾ ಮತ್ತೆ ಮಂಡಿಯೂರಿ, ಮುಂದಿನ ಡಬ್ಬ ಎಳೆದುಕೊಳ್ಳುತ್ತಾರೆ.

"ನಾನಿಲ್ದಿದ್ರೇನು, ಮನೆ ಇರುತ್ತಲ್ಲ."